ಗೆರೆ ಎಳೆಯದೆ ಬಿಟ್ಟ ಗೋಡೆ

ಪ್ರೀತಿಯ ಶೈಲಕ್ಕ,

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ನನಗೆ ಆಗುತ್ತಿದೆ, ಏನು ಮಾಡಲಿ? ನೀನಿದ್ದಿದ್ದರೆ "ಶುರುವಾಯ್ತಾ ನಿಂದು ಮತ್ತೆ" ಅಂತ ನಗುತ್ತಿದ್ದೆ.

ಸ್ಕಾಟ್ಲೆಂಡಿನ ಆ ಪುಟ್ಟ ಬಂದರು ದ್ವೀಪದ ವಿಷಯ ನೀನು ಮೊದಲು ಹೇಳಿದ್ದು ಟೋಕಿಯೋ ಹತ್ತಿರದ ನಮ್ಮ ಕಾಶಿವಾ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ. ಒಂದು ಕಾಲಕ್ಕೆ ಸುತ್ತಲೂ ಕೋಟೆಯಿತ್ತು, ಆಮೇಲೆ ಬಂದರು ಕಟ್ಟುವವರು ಕಲ್ಲೆಲ್ಲ ಕಿತ್ತು ಸಾಗಿಸಿದರು, ಈಗ ಬರೀ ಹುಲ್ಲು ಅಂದೆ. "ಇಲ್ಲದ ಕೋಟೆ ಮೇಲೆ ಪಿಎಚ್‌ಡಿನಾ ಅಕ್ಕ?" ಅಂತ ನಾನು ರೇಗಿಸಿದ್ದೆ. ನನ್ನ ಸಂಶೋಧನೆ ಟೋಕಿಯೋ ಕೊಲ್ಲಿಯ ಕೋಟೆಗಳ ಮೇಲೆ. ಟ್ರೈನ್ ಹತ್ತಿದರೆ ಕಲ್ಲು ಮುಟ್ಟಿ ಬರಬಹುದು. ಆದರೂ ಸೆಮಿನಾರಿನಲ್ಲಿ ನಮ್ಮ ಪ್ರೊಫೆಸರ್ ಸೆನ್ಸೇಯಿಂದ ಹಿಡಿದು ಎಲ್ಲರೂ ಕಿವಿಗೊಟ್ಟಿದ್ದು ನಿನ್ನ ಹುಲ್ಲಿಗೆ.

ನೀನು ನಕ್ಷೆ ಬಿಡಿಸುತ್ತಿದ್ದದ್ದು ರಂಗೋಲಿ ಹಾಕಿದ ಹಾಗೆ. ಕೋಟೆಯ ಹಳೆಯ ಚಿತ್ರಗಳು ಒಂದಕ್ಕೊಂದು ಹೊಂದುವ ಮೂಲೆಗೆಲ್ಲ ಚುಕ್ಕಿ, ಖಚಿತವಾದ ಕಡೆ ಮಾತ್ರ ಗೆರೆ. ಪಶ್ಚಿಮದ ಗೋಡೆಯಲ್ಲಿ ಒಂದು ಕಡೆ ಏನಿತ್ತೆಂದು ತಿಳಿಯದೆ ಹಾಗೇ ಬಿಟ್ಟಿದ್ದೆ. "ಹೋಗಿ ನೋಡೋವರೆಗೂ ಮುಚ್ಚಲ್ಲ" ಅನ್ನುತ್ತಿದ್ದೆ.

ನೀನು ಕೆಲಸ ಸಿಕ್ಕಿ ಒಸಾಕಾಕ್ಕೆ ಹೋದೆ, ಹಿಂದೆಯೇ ಕೊರೋನಾ ಬಂತು. ನಿನ್ನ ದ್ವೀಪದ ಪ್ರಯಾಣ ರದ್ದಾಯಿತು, ನನ್ನ ಮಗಳು ಇಳಾಳ ಶಾಲೆ ಮುಚ್ಚಿತು. ನಾನು ಆನ್‌ಲೈನ್ ಪಾಠ ಮಾಡುವಾಗ ನೀನು ವಿಡಿಯೋ ಕಾಲಿನಲ್ಲಿ ಅವಳನ್ನು ಕೂರಿಸಿಕೊಂಡು, ನಮ್ಮ ಬಾಲ್ಕನಿಯಲ್ಲಿ ಅಕ್ಕಿಹಿಟ್ಟಿನಿಂದ ನಿನ್ನ ಕೋಟೆ ಹಾಕಿಸಿದೆ. ನಾನು ಕನ್ನಡದಲ್ಲಿ ಕೇಳಿದರೆ ಜಪಾನಿಯಲ್ಲಿ ಉತ್ತರ ಕೊಡುವ ಹುಡುಗಿ ನಿನ್ನ ಹತ್ತಿರ "ದೊಡ್ಡಮ್ಮ, ಇಲ್ಲಿ ಚುಕ್ಕಿ ಇಡ್ಲಾ?" ಅನ್ನುತ್ತಿದ್ದಳು. ಹೆತ್ತವಳು ನಾನು, ಮಾತು ನಿನಗೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ನೀನು ಆಸ್ಪತ್ರೆ ಸೇರಿದಾಗ ಯಾರನ್ನೂ ಒಳಗೆ ಬಿಡಲಿಲ್ಲ. ಕೊನೆಯ ಕಾಲ್ ಮಾಡಿ "ಇಳಾಗೆ ಕೊಡು" ಅಂದೆಯಲ್ಲ, ನನ್ನ ಹತ್ತಿರ ಎರಡು ಮಾತು ಆಡಿದ್ದರೆ... ಹೋಗಲಿ ಬಿಡು. ನೀನು ಹೋದ ಮೇಲೆ ಅವಳು ಕನ್ನಡ ಮಾತಾಡುವುದನ್ನೇ ನಿಲ್ಲಿಸಿದಳು. ಹೋಗುವಾಗ ಅದನ್ನೂ ತೆಗೆದುಕೊಂಡು ಹೋದೆಯಾ ಅಂತ ನಿನ್ನ ಮೇಲೆ ಸಿಟ್ಟು ಬಂತು.

ಮೊನ್ನೆ ಭಾನುವಾರ ಅವಳೇ ಅಕ್ಕಿಹಿಟ್ಟು ಕೇಳಿ ತೆಗೆದುಕೊಂಡು ಬಾಲ್ಕನಿಯಲ್ಲಿ ಕೂತಳು. ಚುಕ್ಕಿ ಒಂದೂ ತಪ್ಪಲಿಲ್ಲ. ಪಶ್ಚಿಮದ ಕಡೆ ಖಾಲಿ ಬಿಟ್ಟಳು. ನೋಡಿ ನೋಡಿ ತಡೆಯಲಾರದೆ ನಾನೇ ಗೆರೆ ಎಳೆಯಲು ಬಗ್ಗಿದೆ. ಅವಳು ನನ್ನ ಕೈ ಹಿಡಿದಳು.

"ಬೇಡ ಅಮ್ಮ. ದೊಡ್ಡಮ್ಮ ಇನ್ನೂ ನೋಡಿಲ್ಲ."

ಎಷ್ಟೋ ತಿಂಗಳ ಮೇಲೆ ನನಗೆ ಸಿಕ್ಕ ಕನ್ನಡ. ಅದರಲ್ಲೂ ನೀನೇ. ಅಲ್ಲೇ ಹಿಟ್ಟಿನ ಕೈಯಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ "ನಾವು ಹೋಗಿ ನೋಡ್ಕೊಂಡ್ ಬರೋಣ್ವಾ?" ಅಂತ ಕೇಳಿದೆ. ಮೊದಲು ಜಪಾನಿಯಲ್ಲಿ "ಹಾಯ್" ಅಂದವಳು ತಿದ್ದಿಕೊಂಡು "ಹೂಂ, ಹೋಗೋಣ" ಅಂದಳು.

ಗಡಿಗಳು ತೆರೆದಿವೆ, ಟಿಕೆಟ್ ಆಗಿದೆ. ನೀನು ಒಮ್ಮೆಯೂ ಕಾಲಿಡದ ಆ ಹುಲ್ಲಿನ ಮೇಲೆ ನಾವಿಬ್ಬರೂ ನಿಲ್ಲುತ್ತೇವೆ. ಇದೊಂದರಲ್ಲಾದರೂ ನಿನಗಿಂತ ಮುಂದೆ ಹೋಗುತ್ತಿದ್ದೇನೆ ಶೈಲಕ್ಕ. ಹೊಟ್ಟೆಕಿಚ್ಚಾದರೆ ಎದ್ದು ಬಾ.

ನಿನ್ನ,
ವೀಣಾ