ತೇದವನೇ ಎಂದೇ ಓದಿದೆ

ನನ್ನ ಪ್ರೀತಿಯ ಅಪ್ಪಯ್ಯ,

ಶಿವಮೊಗ್ಗದಿಂದ ಗಾಜನೂರಿನ ತನಕ ಊರವರ ಕಾಗದಗಳನ್ನೆಲ್ಲ ಹೊತ್ತು ನಡೆದ ನಿನಗೆ ಯಾರಾದರೂ ಒಂದು ಕಾಗದ ಬರೆದದ್ದುಂಟೇ? ತಗೋ, ಇದು ನಿನ್ನದೇ! ನನ್ನ ಮದುವೆಯಾಗಿ ಮೂರು ತಿಂಗಳಾಯಿತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದೇನೆ. ಇವರು ಒಳ್ಳೆಯವರು, ತುಂಬಾ ತುಂಬಾ ಒಳ್ಳೆಯವರು. ದಿನವಿಡೀ ಕಬ್ಬಿಣ ಹಿಡಿಯುವ ಕೈಯಲ್ಲಿ ಸಂಜೆ ನನಗೆ ಮಲ್ಲಿಗೆ... ಇರಲಿ, ಅಪ್ಪನಿಗೆ ಇದನ್ನೆಲ್ಲ ಬರೆಯಬಾರದು!

ನಮ್ಮ ನಾಯಕರು ಜೈಲಿನಲ್ಲಿ ಉಪವಾಸ ಕೂತ ವರ್ಷ ನಾನು ಅವರ ಮೇಲೆ ಪದ್ಯ ಕಟ್ಟಿದ್ದು ನೆನಪಿದೆಯಾ? ಕಾನ್ವೆಂಟಿನಲ್ಲಿ ಓದುತ್ತಿದ್ದವಳು, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದಿದ್ದೆ: ‘ನಮ್ಮ ಜನಕಾಗಿ ಜೀವವ ಕೊಟ್ಟವನೇ’. ಬಾಳನ್ನೇ ಮುಡಿಪಿಟ್ಟವರು ಎಂಬುದು ನನ್ನ ಅರ್ಥ. ಖಾಕಿ ಕೋಟು ಬಿಚ್ಚುತ್ತಿದ್ದ ನೀನು ಹಾಗೇ ನಿಂತುಬಿಟ್ಟೆ.

“ಅಯ್ಯೋ ಮಾರಾಯ್ತಿ, ಬದುಕಿರೋರನ್ನ ಸಾಯಿಸಿಬಿಟ್ಯಲ್ಲೇ! ಬಿಳಿಯರ ಕೈಲೂ ಆಗದ ಕೆಲಸ ಒಂದೇ ಸಾಲಲ್ಲಿ ಮುಗಿಸಿದೆ.”

“ಮತ್ತೆ ಏನು ಬರೀಲಿ?” ಎಂದು ಮುಖ ಊದಿಸಿಕೊಂಡೆ. ನೀನು ಕಾಲಿನ ಚಪ್ಪಲಿ ತೆಗೆದು ಮಗುಚಿ ತೋರಿಸಿದೆ. ಹಿಮ್ಮಡಿಯ ಕಡೆ ತೊಗಲು ಕಾಗದದಷ್ಟು ತೆಳ್ಳಗಾಗಿತ್ತು.

“ಇದು ಒಂದು ದಿನಕ್ಕೆ ಹಿಂಗಾಯ್ತಾ? ಕೊಟ್ಟವನೇ ಬೇಡ, ಜೀವವ ತೇದವನೇ ಅಂತ ಬರಿ.”

ನನಗೆ ಹೊಸ ಬೂಟು ಬಂದ ಆ ವರ್ಷವೂ ನೀನು ಅದೇ ಚಪ್ಪಲಿಯಲ್ಲೇ ನಡೆದೆ. ಆಗ ನನಗೆ ಅದು ಕಂಡಿತ್ತೇ...

ನೀನು ಹೋದ ಮರುವರ್ಷವೇ ಸ್ವರಾಜ್ಯ ಬಂತು, ಅಪ್ಪಯ್ಯ! ಆದರೆ ಇನ್ನೊಂದು ಸುದ್ದಿ ಹೇಗೆ ಬರೆಯಲಿ? ನಮ್ಮ ಆ ನಾಯಕರನ್ನು ಗುಂಡಿಕ್ಕಿ ಕೊಂದರು. ನಮ್ಮ ಕ್ವಾರ್ಟರ್ಸ್ ಮೈದಾನದಲ್ಲಿ ಜನ ಸೇರಿದರು. ನನ್ನ ಪದ್ಯವನ್ನೂ ಓದಬೇಕೆಂದಾಯಿತು. ಪಕ್ಕದ ಮನೆಯಾಕೆ ಅತ್ತೆಯ ಹತ್ತಿರ, “ನಿಮ್ಮ ದೊರೆಸಾನಿಗೆ ಕನ್ನಡ ಓದಕ್ಕೆ ಬರತ್ತಾ?” ಎಂದರು. ಅತ್ತೆ ನನ್ನ ಕಡೆ ತಿರುಗಿ, “ತಪ್ಪಿದ್ರೆ ನಾನು ಈ ಬೀದೀಲಿ ತಲೆ ಎತ್ತೋ ಹಾಗಿಲ್ಲ ನೋಡು,” ಎಂದರು.

ಹೊರಡುವಾಗ ಇವರು, ಹಾಳೆಯಲ್ಲಿ ನಾನು ಹೊಡೆದುಹಾಕಿದ್ದ ಹಳೆಯ ಸಾಲನ್ನು ನೋಡಿದರು. “ಈಗ ಇದೇ ಸರಿ ಅಲ್ವೇನೇ? ಜೀವ ಕೊಟ್ಟೇಬಿಟ್ರಲ್ಲ. ತೇದವನೇ ಅಂದ್ರೆ ಸಪ್ಪೆ.”

ನನ್ನ ಅಂದಿನ ತಪ್ಪು ಸಾಲೇ ಈಗ ನಿಜವಾಗಿ ನನ್ನೆದುರು ನಿಂತಿತ್ತು, ಅಪ್ಪಯ್ಯ! ವೇದಿಕೆ ಹತ್ತುವ ತನಕ ಎರಡು ಪದಗಳೂ ನಾಲಿಗೆಯ ಮೇಲಿದ್ದವು. ಆಮೇಲೆ ನಿನ್ನ ಚಪ್ಪಲಿ ನೆನಪಾಯಿತು. ಕೊಂದವನಿಗೆ ಒಂದು ಕ್ಷಣ ಸಾಕಾಯಿತು. ಅದಕ್ಕೂ ಮುಂಚಿನ ಅಷ್ಟು ವರ್ಷಗಳನ್ನು ಯಾವ ಪದದಲ್ಲಿ ಹೇಳುವುದು? ತೇದವನೇ ಎಂದೇ ಓದಿದೆ. ಗಟ್ಟಿಯಾಗಿ, ಎರಡು ಸಲ.

ಮುಗಿದ ಮೇಲೆ, ಕಾರ್ಖಾನೆಯಲ್ಲಿ ಕಬ್ಬಿಣ ಎರೆಯಲು ಮರಳಿನ ಅಚ್ಚು ಮಾಡುವ ಹಿರಿಯ ಕೆಲಸಗಾರರೊಬ್ಬರು ಬಂದು ಹೆಬ್ಬೆರಳು ಚಾಚಿದರು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. “ಹೆಬ್ಬೆಟ್ಟು ಒತ್ತಿದ್ರೆ ಬರೀ ಮಸಿ ಬೀಳತ್ತೆ, ತಾಯಿ. ತೇಯೋದು ಅಂದ್ರೆ ನಮಗೆ ಗೊತ್ತು. ಆ ಮಾತು ಯಾರು ಕಲಿಸಿದ್ರು?”

ಕಾನ್ವೆಂಟಿನಲ್ಲಿ ‘ಅಪ್ಪನಿಗೆ ಸರ್ಕಾರಿ ನೌಕರಿ’ ಎಂದಷ್ಟೇ ಹೇಳುತ್ತಿದ್ದೆ. ನಿನಗೆ ಅದು ಗೊತ್ತಿತ್ತು ಅಲ್ಲವೇ? ಅತ್ತೆಯೂ ಪಕ್ಕದ ಮನೆಯಾಕೆಯೂ ಅಲ್ಲೇ ನಿಂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಅಪ್ಪಯ್ಯ:

“ನಮ್ಮಪ್ಪ. ಶಿವಮೊಗ್ಗದಲ್ಲಿ ಪೋಸ್ಟ್‌ಮ್ಯಾನ್ ಆಗಿದ್ರು.”

ನಿನ್ನ
ದೊರೆಸಾನಿ