ಕೆಂಪು ಮೂರಕ್ಕೆ, ಹಸಿರು ನಾಲ್ಕಕ್ಕೆ

6 ಆಗಸ್ಟ್ 2007, ಸೋಮವಾರ, ಬೆಳಿಗ್ಗೆ 5.40

ಇವತ್ತಿಗೆ 116ನೇ ದಿನ. ಬರಿ ಹೊಟ್ಟೆಗೆ ನಾಲ್ಕು ಗುಳಿಗೆ, ಒಂದು ಲೋಟ ನೀರು. ದೊಡ್ಡದು ಗಂಟಲಲ್ಲೇ ನಿಂತಿತು. ಇನ್ನರ್ಧ ಲೋಟ ಕುಡಿದೆ.

ಮೂತ್ರ ಕೆಂಪಗೆ ಬರುತ್ತದೆ, ಕ್ಯಾಪ್ಸೂಲಿನ ಬಣ್ಣ, ಹೆದರಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದೂ ಈ ವಾರ ಮಾಸಿದ ಹಾಗೆ ಕಾಣುತ್ತಿದೆ. ಒಳ್ಳೆಯ ಲಕ್ಷಣ ಅಂದುಕೊಂಡೆ.

ಕೆಮ್ಮು ಇಲ್ಲ. ಜೂನ್‌ನಲ್ಲೇ ಕಫ ಚೊಕ್ಕಟ ಎಂದು ರಿಪೋರ್ಟ್ ಬಂದಿದೆ. ಇನ್ನೆರಡು ತಿಂಗಳು ನುಂಗಿದರೆ ಮುಗಿಯಿತು. ಫ್ಯಾಕ್ಟರಿಯಲ್ಲಿ ಟಿಬಿ ಎಂದು ಯಾರಿಗೂ ಹೇಳಿಲ್ಲ. ಏಪ್ರಿಲ್‌ನ ರಜೆಗೆ ಟೈಫಾಯ್ಡ್ ಎಂದು ಬರೆದುಕೊಟ್ಟಿದ್ದೆ.

ಇವರು ಗೌಂಡಿ ಕೆಲಸಕ್ಕೆ ಹೋಗುವುದು ಎಂಟಕ್ಕೆ. ಇನ್ನೂ ಗೊರಕೆ. ಗಂಡ ಮಲಗಿ ಹೆಂಡತಿ ಬಸ್ಸಿಗೆ ಓಡುವ ಮನೆ ನಮ್ಮದು. ಗೋವಾದ ಈ ಫೋಂಡಾದಲ್ಲಿ ಇಂಥವು ಬೇಕಾದಷ್ಟಿವೆ. ಫ್ಯಾಕ್ಟರಿ ಕಡೆಯ ಮಡ್ಕಯಿ ಬಸ್ 6.10ಕ್ಕೆ...

9 ಆಗಸ್ಟ್, ಗುರುವಾರ

ಹನ್ನೊಂದು ಪೀಸ್ ರಿಜೆಕ್ಟ್. ನನ್ನವೇ.

ಮೂರು ವರ್ಷದಿಂದ ಇದೇ ಕೆಲಸ — ಗಾಡಿಗಳಿಗೆ ಹಾಕುವ ವೈರಿನ ಕಟ್ಟು ಕಟ್ಟುವುದು. ಹಲಗೆಯ ಮೇಲೆ ವೈರು ಎಳೆದು, ತುದಿಯನ್ನು ಕನೆಕ್ಟರಿನ ತೂತಿಗೆ ಒತ್ತುವುದು. ಕೆಂಪು ಮೂರಕ್ಕೆ, ಹಸಿರು ನಾಲ್ಕಕ್ಕೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹನ್ನೊಂದರಲ್ಲೂ ಅದಲು ಬದಲು.

ಸುಪರ್ವೈಜರ್ ಗಾವಡೆ ಸರ್ ಬೈಯಲಿಲ್ಲ. ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಹಿಂದಿಯಲ್ಲಿ ಕೇಳಿದರು. ಬೈದಿದ್ದರೆ ಚಲೋ ಇತ್ತು. ಟ್ಯೂಬ್‌ಲೈಟ್ ಮಂಕಾಗಿದೆ ಎಂದೆ. ಬದಲಿಸಿದರು. ಏನೂ ವ್ಯತ್ಯಾಸವಾಗಲಿಲ್ಲ.

12 ಆಗಸ್ಟ್, ಭಾನುವಾರ

ಕೆಂಪು ಖಾರ ರುಬ್ಬೋಣ ಎಂದು ಹಣ್ಣುಮೆಣಸಿನಕಾಯಿ ತಂದೆ. ರಾಶಿಯಲ್ಲಿ ನಾನೇ ಆರಿಸಿದ್ದು. ಮನೆಗೆ ಬಂದು ಮೊರಕ್ಕೆ ಸುರಿದಾಗ ಇವರು ನಕ್ಕರು. ಅರ್ಧ ಹಸಿ ಕಾಯಿ.

ನಾನು ನಗಲಿಲ್ಲ. ಒಂದೊಂದೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲ ಒಂದೇ. ಒಣಗಿದ ಎಲೆಯ ಬಣ್ಣ.

13 ಆಗಸ್ಟ್, ಸೋಮವಾರ

ಫ್ಯಾಕ್ಟರಿಯ ಕಸದ ಡಬ್ಬಿಯಿಂದ ಕೆಂಪು, ಹಸಿರು ವೈರಿನ ಎರಡು ತುಂಡು ರವಿಕೆಯೊಳಗೆ ಇಟ್ಟುಕೊಂಡು ತಂದೆ. ಒಂದೊಂದೇ ತೋರಿಸಿರಿ ಎಂದು ಇವರಿಗೆ ಕೊಟ್ಟೆ. ಇಪ್ಪತ್ತು ಸಲ. ಸರಿ ಹೇಳಿದ್ದು ಒಂಬತ್ತು. ಬಲಗಣ್ಣು ಮುಚ್ಚಿ ಇಪ್ಪತ್ತು, ಎಡಗಣ್ಣು ಮುಚ್ಚಿ ಇಪ್ಪತ್ತು. ಹಾಗೇ.

ಕಣ್ಣು ಮುಚ್ಚಿ ಹೇಳಿದ್ದರೂ ಇಷ್ಟು ಸರಿ ಬರುತ್ತಿತ್ತು. ಇವರು ವೈರು ಕೆಳಗಿಟ್ಟರು.

14 ಆಗಸ್ಟ್, ಮಂಗಳವಾರ

ಡಾಕ್ಟರು ನಮ್ಮ ಬೆಳಗಾವಿ ಕಡೆಯವರು. ನಮ್ಮ ಭಾಷೆ ಆಡುತ್ತಾರೆ ಎಂದೇ ಸರಕಾರಿ ದವಾಖಾನೆ ಬಿಟ್ಟು ಅವರ ಹತ್ತಿರ ಹೋಗಿದ್ದು. ಇವತ್ತು ಬಣ್ಣದ ಮಾತು ಪೂರ್ತಿ ಹೇಳಲೂ ಬಿಡಲಿಲ್ಲ. ಅಶಕ್ತತೆ. ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ. ಮೊಟ್ಟೆ ತಿನ್ನು. ಒಂದು ಶಕ್ತಿ ಗುಳಿಗೆ ಬರೆದುಕೊಟ್ಟರು. ಟಿಬಿಯ ಗುಳಿಗೆಗಳಿಂದಲೇ ಕಣ್ಣಿಗೆ ಹೀಗಾಗಿರಬಹುದೇ ಎಂದು ಕೇಳಿದೆ. ಮುಂದಿನ ಪೇಶಂಟಿನ ಹೆಸರು ಕೂಗಿದರು.

15 ಆಗಸ್ಟ್, ಬುಧವಾರ

ರಜೆ. ಬೆಳಿಗ್ಗೆಯೇ ಜಗಳ.

"ಜಯಾ, ಎಲ್ಲಾ ಗುಳಿಗಿ ಬಿಟ್ಟಬಿಡು. ಊರಿಗೆ ಹೋಗು. ಕಣ್ಣು ಹೋದ ಮ್ಯಾಲೆ ಏನ ಮಾಡ್ತೀ?"

"ಬಿಟ್ರ ಕೆಮ್ಮು ತಿರಗಿ ಬರತೈತ್ರಿ. ನಮ್ಮಪ್ಪ ಎರಡು ತಿಂಗಳಿಗೇ ಬಿಟ್ಟಿದ್ದ. ಮುಂದಿನ ವರ್ಷ ಇರಲಿಲ್ಲ."

"ಮತ್ತ ನುಂಗಕೋತ ಕುರುಡಿ ಆಗ್ತೀ ಏನು?"

"ಎರಡೂ ಆಗೂದಿಲ್ಲ. ನಾ ಸಾಯೂದೂ ಇಲ್ಲ, ಕುರುಡಿನೂ ಆಗೂದಿಲ್ಲ."

ಹೇಳಿಬಿಟ್ಟೆ. ಹೇಗೆ ಎಂದು ನನಗೇ ಗೊತ್ತಿಲ್ಲ. ಇವರು ಅಂಗಿ ಹಾಕಿಕೊಂಡು ಹೊರಗೆ ಹೋದರು. ಮಧ್ಯಾಹ್ನ ಮೊಟ್ಟೆ ತಂದರು. ಆರು.

17 ಆಗಸ್ಟ್, ಶುಕ್ರವಾರ

ಮೆಡಿಕಲ್ ಅಂಗಡಿಯ ಜಮುನಾಬಾಯಿಗೆ ದುಂಬಾಲು ಬಿದ್ದೆ. ಗುಳಿಗೆಯ ಡಬ್ಬಿಯಲ್ಲಿ ಮಡಚಿ ಇಟ್ಟಿರುತ್ತಾರಲ್ಲ, ಇರುವೆ ಅಕ್ಷರದ ಇಂಗ್ಲಿಷ್ ಚೀಟಿ, ಅದನ್ನು ಓದಿ ಹೇಳಿ ಎಂದು. ಪಾಪ, ಗಿರಾಕಿಗಳನ್ನು ನಿಲ್ಲಿಸಿ ಓದಿದರು. ನಾಲ್ಕರಲ್ಲಿ ಮೂರು ಚೀಟಿಗಳಲ್ಲಿ ಕಣ್ಣಿನ ಮಾತು ದೊಡ್ಡದಾಗಿ ಇರಲಿಲ್ಲ. ನಾಲ್ಕನೆಯದರಲ್ಲಿ, ಆ ದೊಡ್ಡ ಗುಳಿಗೆಯದರಲ್ಲಿ, ಇತ್ತು. ದೃಷ್ಟಿ ಮಂಜಾಗಬಹುದು. ಕೆಂಪು-ಹಸಿರು ತಿಳಿಯದೆ ಹೋಗಬಹುದು. ಹಾಗಾದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು. ದಿನದ ಪ್ರಮಾಣ, ತೂಕದ ಒಂದು ಕಿಲೋಕ್ಕೆ ಹದಿನೈದು ಮಿಲಿಗ್ರಾಂ.

ಎರಡು ಸಲ ಓದಿಸಿದೆ. ಹುಚ್ಚು ಹಿಡಿದಿಲ್ಲ ನನಗೆ. ಕಾಗದದಲ್ಲೇ ಇದೆ!

ನನ್ನ ತೂಕ ಎಷ್ಟು? ಆ ಡಾಕ್ಟರು ಒಂದು ದಿನವೂ ನೋಡಿಲ್ಲ.

18 ಆಗಸ್ಟ್, ಶನಿವಾರ

ಊಟದ ಹೊತ್ತಿಗೆ ಸ್ಟೋರಿಗೆ ನುಗ್ಗಿ, ತಾಮ್ರದ ವೈರು ತೂಗುವ ಕಾಟಾದ ಮೇಲೆ ನಿಂತೆ. ಪಕ್ಕದ ಹಲಗೆಯ ತಮನ್ನಾ ಬಾಗಿಲಲ್ಲಿ ಕಾವಲು. ಸವಣೂರಿನ ಹುಡುಗಿ, ಪ್ರಶ್ನೆ ಕೇಳುವುದಿಲ್ಲ. 37 ಕಿಲೋ 400.

ಹದಿನೈದರಂತೆ 561. ನಾನು ನುಂಗುವುದು 1000. ಬೆಳಿಗ್ಗೆಯಿಂದ ಆ ಒಂದನ್ನು ಬಿಟ್ಟಿದ್ದೇನೆ. ಉಳಿದ ಮೂರು ನುಂಗಿದೆ.

ಮಧ್ಯಾಹ್ನ ತಮನ್ನಾಗೆ ಎಲ್ಲ ಹೇಳಿದೆ. ಟಿಬಿಯನ್ನೂ. ಅವಳ ಡಬ್ಬಿಯ ರೊಟ್ಟಿ ನನ್ನ ಕೈಯಲ್ಲಿತ್ತು. ವಾಪಸ್ ಕೇಳಲಿಲ್ಲ. ಸೋಮವಾರದಿಂದ ಹಸಿರು ವೈರುಗಳಿಗೆಲ್ಲ ತುದಿಯಲ್ಲಿ ಗಂಟು ಹಾಕಿ ಇಡುತ್ತೇನೆ ಎಂದಳು. ಬೇಡ ಎಂದೆ. ಸಿಕ್ಕಿಬಿದ್ದರೆ ಅವಳ ಕೆಲಸವೂ ಹೋಗುತ್ತದೆ.

20 ಆಗಸ್ಟ್, ಸೋಮವಾರ

ಚೀಟಿ ಹಿಡಿದು ಹೋದೆ. ವೇಟಿಂಗ್ ರೂಮಿನಲ್ಲಿ ಹದಿನೈದು ಜನ. ಒಳಗೆ ಹೋಗಿ ಕುರ್ಚಿಯ ಮೇಲೆ ಕೂತೇ ಮಾತಾಡಿದೆ.

"ಸಾಹೇಬ್ರ, ನನ್ನ ತೂಕ ಮೂವತ್ತೇಳು. ಈ ಗುಳಿಗಿ ಸಾವಿರದ್ದು. ಚೀಟಿಯೊಳಗ ಕಿಲೋಕ್ಕ ಹದಿನೈದು ಅಂತ ಬರದಾರ."

"ನೀ ಡಾಕ್ಟರೋ, ನಾ ಡಾಕ್ಟರೋ?"

"ಕಣ್ಣು ನನ್ನೂವು ಅದಾವ್ರಿ."

ಚೀಟಿಯನ್ನು ಕೈಯಿಂದ ಸರಿಸಿದರು. ಇಂಥದ್ದೆಲ್ಲ ಓದಿದರೆ ನೀರೂ ಕುಡಿಯುವ ಹಾಗಿಲ್ಲ ಎಂದರು. ನನ್ನ ಫೈಲ್ ಕೊಡಿ ಎಂದೆ. ಕೊಡುವ ಪದ್ಧತಿ ಇಲ್ಲವಂತೆ. ಕೊಡುವವರೆಗೆ ಏಳುವ ಪದ್ಧತಿ ನನಗೂ ಇಲ್ಲ ಎಂದೆ. ಇಪ್ಪತ್ತು ನಿಮಿಷ. ಹೊರಗಿನ ಜನ ಬಾಗಿಲು ಬಡಿಯತೊಡಗಿದರು. ಫೈಲನ್ನು ಮೇಜಿನ ಮೇಲೆ ಎಸೆದರು. ಎತ್ತಿಕೊಂಡೆ. ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದೆ.

22 ಆಗಸ್ಟ್, ಬುಧವಾರ

ಒಬ್ಬಳೇ ಬಾಂಬೋಳಿಯ ದೊಡ್ಡಾಸ್ಪತ್ರೆಗೆ. ಇವರಿಗೆ ಸ್ಲ್ಯಾಬ್ ಹಾಕುವ ದಿನ, ಬಿಡಿಸಿಕೊಂಡು ಬರಲಾಗಲಿಲ್ಲ. ಎರಡು ಬಸ್, ಮೂರು ಸಾಲು.

ಕಣ್ಣಿನ ವಿಭಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಒಂದು ಪುಸ್ತಕ ತೆರೆದರು. ಪುಟದ ತುಂಬ ಬಣ್ಣದ ಚುಕ್ಕಿ, ನಡುವೆ ಅಂಕಿ ಇರುತ್ತದಂತೆ. ಮೊದಲ ಪುಟದಲ್ಲಿ 12 ಕಂಡಿತು. ಆಮೇಲೆ ಬರೇ ಚುಕ್ಕಿ. ಅವರು ಪುಟ ತಿರುವುತ್ತ ಹೋದರು, ನಾನು ಇಲ್ಲ, ಇಲ್ಲ ಎನ್ನುತ್ತ ಹೋದೆ. ಕೊನೆಗೆ ಅವರೇ ಪುಸ್ತಕ ಮುಚ್ಚಿ ನನ್ನ ಭುಜದ ಮೇಲೆ ಕೈಯಿಟ್ಟರು.

ಫೈಲ್ ನೋಡಿದರು. ಗುಳಿಗೆ ನನ್ನ ಮೈಗೆ ಹೆಚ್ಚು. ಕೊಟ್ಟದ್ದು ಎರಡು ತಿಂಗಳ ಬದಲು ನಾಲ್ಕು. ಟಿಬಿ ವಿಭಾಗಕ್ಕೆ ತಾವೇ ಕರೆದುಕೊಂಡು ಹೋದರು. ಅಲ್ಲಿ ಆ ದೊಡ್ಡದೂ ಸೇರಿ ಎರಡು ಗುಳಿಗೆ ಬಂದ್ ಮಾಡಿದರು. ಉಳಿದೆರಡು ಕೊನೆಯ ದಿನದವರೆಗೆ, ಒಂದೂ ತಪ್ಪದ ಹಾಗೆ. ಕಣ್ಣು ತಿರುಗಿ ಬರುತ್ತದೆಯೇ ಎಂದೆ. ಬರಬಹುದು, ತಿಂಗಳುಗಳು ಹಿಡಿಯಬಹುದು, ಪೂರ್ತಿ ಬರದೆಯೂ ಇರಬಹುದು ಎಂದರು. ಸುಳ್ಳು ಧೈರ್ಯ ಹೇಳಲಿಲ್ಲ. ಅದರಿಂದಲೇ ಧೈರ್ಯ ಬಂತು.

24 ಆಗಸ್ಟ್, ಶುಕ್ರವಾರ

ಆಫೀಸಿಗೆ ಕರೆದರು. ಈ ತಿಂಗಳು ಮೂವತ್ತಾರು ರಿಜೆಕ್ಟ್. ರಾಜೀನಾಮೆ ಟೈಪ್ ಮಾಡಿ ಇಟ್ಟಿದ್ದರು, ನನ್ನ ಹೆಸರಿನ ಸ್ಪೆಲಿಂಗ್ ತಪ್ಪು. ಸುಮ್ಮನೆ ಸಹಿ ಮಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂದರು. ಏನು ತಿಳಿಯುವುದಿಲ್ಲ? ನಾನೇನು ಕದ್ದಿದ್ದೇನೆ?

ಎದ್ದು ಸೀದಾ ಲೈನಿಗೆ ಬಂದೆ. ಇಪ್ಪತ್ತಾರು ಹೆಣ್ಣುಮಕ್ಕಳು, ಅರ್ಧದಷ್ಟು ನಮ್ಮ ಕಡೆಯವರೇ. ನಡುವೆ ನಿಂತು ಹೇಳಿದೆ —

"ಏಪ್ರಿಲ್‌ದಾಗ ನನಗ ಟೈಫಾಯ್ಡ್ ಆಗಿರಲಿಲ್ಲ. ಟಿಬಿ ಆಗಿತ್ತು. ಸುಳ್ಳು ಹೇಳಿದ್ದು ನನ್ನ ತಪ್ಪು. ಈಗ ಅದು ಯಾರಿಗೂ ಹತ್ತೂದಿಲ್ಲ, ರಿಪೋರ್ಟ್ ಐತಿ. ಬಣ್ಣ ಕಾಣದಂಗ ಮಾಡಿದ್ದು ಗುಳಿಗಿ. ನಾ ಕೆಲಸಗೇಡಿ ಅಲ್ಲ."

ಎದುರಿನ ಹಲಗೆಯ ಗೋಮಿಬಾಯಿ ತನ್ನ ಸ್ಟೂಲನ್ನು ಅತ್ತ ಸರಿಸಿಕೊಂಡಳು. ಇನ್ನಿಬ್ಬರು ಸೆರಗಿನಿಂದ ಮೂಗು ಮುಚ್ಚಿದರು. ತಮನ್ನಾ ಎದ್ದು ಬಂದು ನನ್ನ ಪಕ್ಕ ನಿಂತಳು.

ಗಾವಡೆ ಸರ್‌ಗೆ ಬಾಂಬೋಳಿಯ ಕಾಗದ ಕೊಟ್ಟೆ. ತುದಿಗೆ ಲೋಹದ ಕೊಂಡಿ ಒತ್ತುವ ಕ್ರಿಂಪಿಂಗ್ ಮಷೀನಿಗೆ ಬಣ್ಣ ಬೇಕಿಲ್ಲ, ಅಲ್ಲಿಗೆ ಹಾಕಿ ಎಂದೆ. ಅದು ಗಂಡಸರ ಮಷೀನು ಎಂದರು. ಮಷೀನಿನ ಮೇಲೆ ಹಾಗೆ ಬರೆದಿದೆಯೇ ಎಂದೆ. ಸಹಿ ಮಾಡಿಲ್ಲ. ಮಾಡುವುದೂ ಇಲ್ಲ. ನಾಳೆ ಏಳಕ್ಕೆ ಗೇಟಿನಲ್ಲಿ ಇರುತ್ತೇನೆ.

10 ಸೆಪ್ಟೆಂಬರ್, ಸೋಮವಾರ

ದೊಡ್ಡ ಅಕ್ಷರ. ಪುಟಕ್ಕೆ ಆರೇ ಸಾಲು.

ಹದಿನೇಳು ದಿನ ಬರೆಯಲಿಲ್ಲ. ಬರೆದದ್ದು ಓದಲಾಗುತ್ತಿರಲಿಲ್ಲ. ಗುಳಿಗೆ ಬಿಟ್ಟ ಮೇಲೂ ಕಣ್ಣು ಇನ್ನಷ್ಟು ಕೆಳಗೆ ಇಳಿಯಿತು. ನೇರ ನೋಡಿದರೆ ಎದುರಿನವರ ಮುಖದ ಜಾಗದಲ್ಲಿ ಹೊಗೆ. ಬಸ್ಸಿನ ಬೋರ್ಡು ಕಾಣದು. ಪ್ರತಿ ಬಸ್ಸಿಗೂ ಇದು ಮಡ್ಕಯಿಯದೇ ಎಂದು ಕೂಗಿ ಕೇಳಿದೆ. ಜನ ನೋಡಿದರೆ ನೋಡಲಿ, ನನಗಂತೂ ಅವರ ಮುಖ ಕಾಣುವುದಿಲ್ಲ.

ಸಹಿ ಮಾಡಲಿಲ್ಲವೆಂದು ಒಳಗೆ ಬಿಡಲಿಲ್ಲ. ಮೂರು ದಿನ ಗೇಟಿನ ಹೊರಗೆ ಕೂತಿದ್ದೆ, ಮಳೆಯಲ್ಲಿ, ಕೊಡೆ ಹಿಡಿದು. ಎರಡನೆಯ ದಿನ ಇವರು ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ನಾಲ್ಕನೆಯ ಬೆಳಿಗ್ಗೆ ಕ್ರಿಂಪಿಂಗಿನವನು ಊರಿಗೆ ಹೋಗಿದ್ದ. ಲಾರಿಗೆ ಮಾಲು ತುಂಬಬೇಕಿತ್ತು. ಗಾವಡೆ ಸರ್ ಬಂದು, ಬಾ ಎಂದರು. ಅಷ್ಟೇ. ದಯೆ ಅಲ್ಲ, ಗರಜು. ನನಗೆ ಅದೇ ಸಾಕು.

ಕೊಂಡಿ ಸರಿಯಾಗಿ ಕೂತರೆ ಮಷೀನು ಗಟ್ಟಿ ಸದ್ದು ಮಾಡುತ್ತದೆ. ತಪ್ಪಿದರೆ ಪೊಳ್ಳು. ಕಿವಿಗೆ ತಿಳಿಯುತ್ತದೆ. ಎರಡು ವಾರದಲ್ಲಿ ರಿಜೆಕ್ಟ್ ಒಂದು.

12 ಅಕ್ಟೋಬರ್, ಶುಕ್ರವಾರ

ಆರು ತಿಂಗಳು ತುಂಬಿತು. ಕೊನೆಯ ಗುಳಿಗೆ ನುಂಗಿದೆ. ಕಫ ಮತ್ತೆ ಚೊಕ್ಕಟ. ತೂಕ 41.

ಮುಖಗಳು ಬಂದಿವೆ. ಇವರ ಗಡ್ಡದಲ್ಲಿ ಬಿಳಿ ಕೂದಲು, ಯಾವಾಗ ಬಂತೋ. ಗೋಮಿಬಾಯಿ ಮಾತಾಡಿಸುತ್ತಾಳೆ, ದೂರ ನಿಂತೇ. ನಾನೂ ಮಾತಾಡುತ್ತೇನೆ, ದೂರ ನಿಂತೇ.

28 ಅಕ್ಟೋಬರ್, ಭಾನುವಾರ

ತಲೆಯಿಂದ ಒಂದು ಹೋಗುತ್ತಿರಲಿಲ್ಲ. ಆ ಬೆಳಗಾವಿ ಡಾಕ್ಟರ ವೇಟಿಂಗ್ ರೂಮಿನ ಹದಿನೈದು ಜನ. ಇವತ್ತು ಹೋಗಿ ಅಲ್ಲೇ ಬೆಂಚಿನ ಮೇಲೆ ಕೂತೆ. ಬಂದವರನ್ನೆಲ್ಲ ಕೇಳಿದೆ — ಯಾವ ಗುಳಿಗೆ, ಎಷ್ಟು ದಿನದಿಂದ, ಕಣ್ಣು ಹೇಗಿದೆ?

ಅಪ್ಪಾಸಾಬ ಎಂಬವರು ಸಿಕ್ಕರು. ಕಡಲದಂಡೆಯ ಬಾಯ್ನಾದಲ್ಲಿ ಸರಕಾರ ಮನೆ ಕೆಡವಿದ ಮೇಲೆ ಫೋಂಡಾಕ್ಕೆ ಬಂದವರು, ಈಗ ಗೋದಾಮಿನ ವಾಚ್‌ಮನ್. ಐದನೆಯ ತಿಂಗಳು, ಅದೇ ದೊಡ್ಡ ಗುಳಿಗೆ. ಮಂಜು ಮಂಜು ಎಂದು ಎರಡು ಸಲ ಚಷ್ಮಾ ಮಾಡಿಸಿದ್ದಾರೆ. ಎರಡೂ ಜೇಬಿನಲ್ಲಿ.

ಡಾಕ್ಟರು ಹೊರಗೆ ಬಂದು ನನ್ನನ್ನು ಗುರುತಿಸಿದರು. ಎದ್ದು ಹೋಗು, ಪೊಲೀಸರನ್ನು ಕರೆಯುತ್ತೇನೆ ಎಂದರು.

"ಕರೀರಿ. ಅವರ ಮುಂದ ಇವರ ತೂಕಾನೂ ನೋಡೂಣು."

ಯಾರೂ ಬರಲಿಲ್ಲ. ಅಪ್ಪಾಸಾಬ ತಮ್ಮ ಫೈಲ್ ಕೇಳಿದರು. ಇಪ್ಪತ್ತು ನಿಮಿಷ ಹಿಡಿಯಲಿಲ್ಲ ಈ ಸಲ.

7 ನವೆಂಬರ್, ಬುಧವಾರ, 11.20, ಬಾಂಬೋಳಿ

ಕಣ್ಣಿನ ವಿಭಾಗದ ಬೆಂಚು. ಬೆಳಿಗ್ಗೆ ನನ್ನದು ಆಯಿತು. ಹದಿನಾಲ್ಕು ಪುಟದಲ್ಲಿ ಒಂಬತ್ತು ಹೇಳಿದೆ. ಉಳಿದ ಐದು ಇನ್ನೂ ಚುಕ್ಕಿಯೇ. ಡಾಕ್ಟರಮ್ಮ ನಕ್ಕರು, ನಾನೂ. ಐದು ಬರಬಹುದು, ಬರದೆಯೂ ಇರಬಹುದು. ಬರದಿದ್ದರೆ ಕ್ರಿಂಪಿಂಗ್ ಇದೆ. ಹೊಸ ಹುಡುಗಿಗೆ ಅದನ್ನು ಕಲಿಸು ಎಂದು ಗಾವಡೆ ಸರ್ ಹೇಳಿದ್ದಾರೆ. ಗಂಡಸರ ಮಷೀನಂತೆ.

ಡಾಕ್ಟರಮ್ಮ ಒಂದು ಅರ್ಜಿ ಬರೆಸಿದ್ದಾರೆ, ಆ ಡಾಕ್ಟರ ಮೇಲೆ ದೂರು. ಕೆಳಗೆ ನನ್ನ ಸಹಿ. ಇದಕ್ಕೆ ಮಾಡಿದೆ. ಎರಡನೆಯ ಸಹಿಯ ಜಾಗ ಖಾಲಿ ಇದೆ. ಅಪ್ಪಾಸಾಬರಿಗೆ ಒತ್ತಾಯ ಮಾಡಿಲ್ಲ.

ಪಕ್ಕದಲ್ಲೇ ಕೂತಿದ್ದಾರೆ. ಎರಡೂ ಚಷ್ಮಾ ಕೈಯಲ್ಲಿ. ಈಗ ಕೇಳಿದರು, "ತಂಗಿ, ಒಳಗ ನೀನೂ ಬರತೀಯಲ್ಲ?"

"ಬರತೇನಿ ಕಾಕಾ."

ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡು ಪೆನ್ನು ಕೇಳುತ್ತಿದ್ದಾರೆ. ನನ್ನ ಹತ್ತಿರ ಇರುವುದು ಇದೊಂದೇ, ಕೊಡ