ಗುಣವಾಗದವಳ ಸಾಕ್ಷಿ

ಫೆಬ್ರವರಿ 3, ಬೆಳಗ್ಗೆ 6:15

ಜ್ವರ 99.8. ಹಾಲು ಅರ್ಧ ಲೋಟ. ಬ್ರೆಡ್ ಒಂದು ಸ್ಲೈಸ್, ಅಂಚು ಬಿಟ್ಟು. ವಾಂತಿ ಇಲ್ಲ. ಹೊಟ್ಟೆನೋವು — "ಇದೆ ಅಂತ ಬರ್ಕೊಳ್ಳಿ, ಎಷ್ಟು ಅಂತ ಕೇಳ್ಬೇಡಿ" ಅಂದಳು ನನ್ನ ಹೆಂಡತಿ.

ಇದನ್ನೆಲ್ಲ ಬರೆದಿಡಲು ಹೇಳಿದ್ದು ಡಾಕ್ಟರಮ್ಮ. ಪುಸ್ತಕದ ಮುಂದಿನ ಪುಟಗಳು ಅವರಿಗೆ. ಹಿಂದಿನಿಂದ ಶುರುಮಾಡಿದ ಈ ಪುಟಗಳು ಯಾರಿಗೂ ಅಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೊರಡುವ ಮುಂಚೆ ಹತ್ತು ನಿಮಿಷ ಸಿಗುತ್ತದೆ, ಸುಮ್ಮನೆ ಕೂತರೆ ತಲೆ ಕೆಡುತ್ತದೆ.

ಸ್ಕ್ಯಾನ್ ರಿಪೋರ್ಟ್ ಇವತ್ತು. ಅರ್ಧ ದಿನ ರಜೆ ಹಾಕಿದ್ದೇನೆ.

ಅದೇ ದಿನ, ಸಂಜೆ

ಮತ್ತೆ ಬಂದಿದೆ.

ಲಿವರ್‌ಗೂ ಹೋಗಿದೆಯಂತೆ. ಈ ಸಲ ಆಪರೇಷನ್ ಮಾಡುವ ಹಾಗಿಲ್ಲ. "ಮೂರು ವರ್ಷದ ಹಿಂದೆ ಪೂರ್ತಿ ಹೋಗಿದೆ ಅಂದಿದ್ರಲ್ಲ ಮೇಡಂ" ಅಂದೆ. "ಕಾಣಿಸ್ತಿಲ್ಲ ಅಂದಿದ್ದೆ" ಅಂದರು, ಮೆತ್ತಗೆ. ಎರಡೂ ಒಂದೇ ಅಂದುಕೊಂಡು ಮೂರು ವರ್ಷ ಕಳೆದುಬಿಟ್ಟೆವು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಐದನೇ ಸ್ಟಾಪಿಗೆ — "ರೀ, ಚರ್ಚಲ್ಲಿ ಯಾರಿಗೂ ಹೇಳ್ಬೇಡಿ. ಟೀಚರಮ್ಮಂಗಂತೂ ಬೇಡವೇ ಬೇಡ."

ಫೆಬ್ರವರಿ 5

ಯಾಕೆ ಬೇಡ ಅಂದಳೋ ನನಗೆ ಗೊತ್ತು. ಮೂರು ವರ್ಷದ ಹಿಂದೆ ಚರ್ಚಿನಲ್ಲಿ ಮುಂದೆ ಹೋಗಿ ಮೈಕ್ ಹಿಡಿದು ಸಾಕ್ಷಿ ಹೇಳಿದವನು ನಾನೇ. "ನನ್ನ ಹೆಂಡತಿಗೆ ಕ್ಯಾನ್ಸರ್ ಇತ್ತು. ಈಗ ಇಲ್ಲ. ಯೇಸು ಗೆದ್ದಿದ್ದಾನೆ." ಜನ ಎದ್ದು ನಿಂತು ಸ್ತೋತ್ರ ಅಂದರು. ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರು. ಅದು ಎಲ್ಲೆಲ್ಲಿಗೋ ಹೋಯಿತು.

ನಮ್ಮ ಚರ್ಚಿನ ಟೀಚರಮ್ಮನ ಮೊಬೈಲಿಗೂ ಹೋಯಿತು. ಅವರ ಯಜಮಾನರು ರೈಲಿನಲ್ಲಿ ಗಾರ್ಡ್ ಆಗಿದ್ದವರು. ಅವರಿಗೂ ಇದೇ ಕಾಯಿಲೆ, ಒಂದು ವರ್ಷದಿಂದ. ಟೀಚರಮ್ಮ ನನ್ನ ಸಾಕ್ಷಿಯನ್ನು ಅವರಿಗೆ ದಿನಾ ಎರಡು ಹೊತ್ತು ಕೇಳಿಸುತ್ತಾರೆ, ಮಾತ್ರೆ ಕೊಟ್ಟಾದ ಮೇಲೆ. ಅವರೇ ಖುಷಿಯಿಂದ ಹೇಳಿದ್ದು.

ಫೆಬ್ರವರಿ 9, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಕೈ ಹಿಡಿದುಕೊಂಡರು. "ಅಣ್ಣಾ, ಮಾರ್ಚ್ ಕೊನೇ ಭಾನುವಾರ ಜಯದ ಆರಾಧನೆ ಇಟ್ಕೊಂಡಿದ್ದೀವಿ. ಜೀವನದಲ್ಲಿ ಕಷ್ಟ ಗೆದ್ದೋರು ಒಬ್ಬೊಬ್ಬರಾಗಿ ಸಾಕ್ಷಿ ಹೇಳ್ತಾರೆ. ಮೊದಲನೇದು ನಿಮ್ದೇ."

ಹೂಂ ಅಂದೆ. ಬಾಯಿಂದ ತಾನಾಗಿ ಬಂತು. ಪಕ್ಕದಲ್ಲಿ ಇವಳು ನೆಲ ನೋಡುತ್ತಿದ್ದಳು.

ಫೆಬ್ರವರಿ 17

ನಾಲ್ಕನೇ ಲೈನಿನ ಹನ್ನೊಂದನೇ ಮಿಷಿನ್ ಹೊಲಿಗೆ ಬಿಡುತ್ತಿತ್ತು. ಸೂಜಿ ಬದಲಿಸಿದೆ. ಬಾಬಿನ್ ಕೇಸ್ ತೆಗೆದು ನೂಲಿನ ಕಸ ಊದಿದೆ. ಸೂಜಿ ಇಳಿಯುವ ಟೈಮಿಂಗ್ ಕೂದಲೆಳೆಯಷ್ಟು ತಪ್ಪಿತ್ತು, ಸರಿಮಾಡಿದೆ. ಆಪರೇಟರ್ ಹುಡುಗಿ ಕಾಲರ್ ಹೊಲಿದು ತೋರಿಸಿ "ದೇವರು ಬಂದಂಗೆ ಬಂದ್ರಿ ಅಣ್ಣಾ" ಅಂದಳು. ಸೂಪರ್‌ವೈಸರ್ — ಎಲ್ಲರೂ 'ಸೀಟಿ' ಅನ್ನುತ್ತಾರೆ, ಮಾತಿಗಿಂತ ಸೀಟಿ ಜಾಸ್ತಿ — "ದೇವರಾದ್ರೆ ಆರನೇ ಲೈನಿಗೂ ಬನ್ನಿ" ಅಂದ.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಗೊತ್ತಾಗುತ್ತದೆ. ಸರಿಹೋದದ್ದು ಯಾಕೆ ಸರಿಹೋಯಿತು ಅಂತಲೂ. ಮೂರು ವರ್ಷದ ಹಿಂದೆ ಇವಳು ಯಾಕೆ ಸರಿಹೋದಳು? ನಾನು ಪ್ರಾರ್ಥನೆ ಮಾಡಿದ್ದಕ್ಕೆ ಅಂತ ಮೈಕಿನಲ್ಲಿ ಹೇಳಿದೆನಲ್ಲ — ಹಾಗಾದರೆ ಈಗ?

ಸಂಜೆ ಮೊಣಕಾಲೂರಿದೆ. ಸ್ತೋತ್ರ ಅಂದೆ. ಮುಂದಕ್ಕೆ ಒಂದು ಅಕ್ಷರ ಬರಲಿಲ್ಲ. ಕಾಲು ಜೋಮು ಹಿಡಿಯಿತು, ಎದ್ದೆ.

ಮಾರ್ಚ್ 2, ಭಾನುವಾರ

ಜ್ವರ 101. ಕಣ್ಣು ಹಳದಿ. ಆದರೂ ಚರ್ಚಿಗೆ ಹೊರಟಳು.

"ಎಷ್ಟು ಇಳಿದುಬಿಟ್ಟಿದ್ದೀರಿ" ಅಂತ ಯಾರೋ ಕೇಳಿದರು.

"ಡಯಟ್" ಅಂದಳು ಇವಳು. ಅವರು ಏನೇನು ತಿನ್ನಬೇಕು, ಏನು ಬಿಡಬೇಕು ಅಂತ ಪಟ್ಟಿ ಕೇಳಿದರು. ಇವಳು ಹೇಳಿಯೂ ಹೇಳಿದಳು!

ಮನೆಗೆ ಬರುವಾಗ ನಕ್ಕಳು. ಅದು ಕೆಮ್ಮಾಗಿ, ಲೈಟ್ ಕಂಬ ಹಿಡಿದು ನಿಂತುಕೊಳ್ಳಬೇಕಾಯಿತು.

ಮಾರ್ಚ್ 11

ಇವಳ ಅಕ್ಕ ಬಂದಿದ್ದರು. ಅವರಿಗೊಬ್ಬರಿಗೆ ಹೇಳಿದ್ದೇವೆ. ಬಂದವರೇ ನನ್ನ ಕಡೆ ನೋಡುತ್ತ, "ಈ ಮನೇಲಿ ಯಾರಿಗೋ ವಿಶ್ವಾಸ ಕಮ್ಮಿ ಆಗಿದೆ. ಇಲ್ದಿದ್ರೆ ಹೋಗಿದ್ದು ವಾಪಸ್ ಬರ್ತಿರ್ಲಿಲ್ಲ" ಅಂದರು.

ನನಗೆ ಚುರುಕ್ ಅಂತು. ನನಗೂ ಅದೇ ಅನುಮಾನ.

ಇವಳು ಮಲಗಿದ್ದಲ್ಲಿಂದಲೇ, "ಅಕ್ಕಾ, ವಿಶ್ವಾಸ ಕಮ್ಮಿ ಆಗಿರೋದು ನಿಂಗೆ. ನಾನು ಸಾಯ್ತೀನಿ ಅಂತ ಎಷ್ಟು ಹೇಳಿದ್ರೂ ನೀನು ನಂಬ್ತಾನೇ ಇಲ್ಲ" ಅಂದಳು.

ಅಕ್ಕ ಅಡುಗೆಮನೆಗೆ ಹೋದರು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು, ಬಹಳ ಹೊತ್ತು.

ಮಾರ್ಚ್ 24

ತಡೆಯಲಾಗಲಿಲ್ಲ. ಪಾಸ್ಟರ್‌ಗೆ ಹೇಳಿಬಿಟ್ಟೆ. ಸಾಕ್ಷಿ ನನ್ನಿಂದ ಆಗುವುದಿಲ್ಲ ಅಂದೆ.

ಚಿಕ್ಕ ವಯಸ್ಸು ಅವರದು, ನನ್ನ ಕೊನೆಯ ತಮ್ಮನಷ್ಟು. ಬೋಧನೆಯಲ್ಲಿ ಗುಡುಗುವ ಮನುಷ್ಯ, ಮೇಜಿನ ಮೇಲಿನ ಪೆನ್ನನ್ನು ಆಕಡೆ ಈಕಡೆ ಮಾಡುತ್ತ ಕೂತರು. "ಭಾನುವಾರ ಬೇರೆಯವರು ಹೇಳ್ಲಿ ಬಿಡಿ. ಸಭೆಗೆ ಈಗ್ಲೇ ಗೊತ್ತಾಗೋದು ಬೇಡ. ತುಂಬಾ ಜನ ನಿಮ್ಮನ್ನ ನೋಡಿ ಧೈರ್ಯ ಇಟ್ಕೊಂಡಿದ್ದಾರೆ..." ಆಮೇಲೆ ತಗ್ಗಿದ ದನಿಯಲ್ಲಿ, "ಏನ್ ಹೇಳ್ಬೇಕು ಅಂತ ನಂಗೂ ತಿಳೀತಿಲ್ಲ ಅಣ್ಣಾ."

ಇವತ್ತು ಕೇಳಿದ ಮಾತುಗಳಲ್ಲಿ ಅದೊಂದೇ ನಿಜವೆನಿಸಿತು.

ಮಾರ್ಚ್ 30, ಭಾನುವಾರ, ಮಧ್ಯಾಹ್ನ 2

ಈಗಲೇ ಬರೆಯಬೇಕು.

ಮೂರು ಸಾಕ್ಷಿ ಆಯಿತು. ಒಬ್ಬನಿಗೆ ಕೆಲಸ ಸಿಕ್ಕಿದ್ದು. ಒಬ್ಬರ ಮಗಳು ಪಾಸಾದದ್ದು. ಒಬ್ಬರ ಭುಜದ ನೋವು ವಾಸಿಯಾದದ್ದು. ಪ್ರತಿಯೊಂದಕ್ಕೂ ಚಪ್ಪಾಳೆ, ಸ್ತೋತ್ರ.

ಇವಳು ಎದ್ದಳು. ವಾಂತಿಗೆ ಹೊರಗೆ ಹೊರಟಳು ಅಂದುಕೊಂಡು ನಾನೂ ಎದ್ದೆ. "ನೀವು ಕೂತ್ಕೊಳ್ಳಿ" ಅಂದು ನನ್ನನ್ನು ದಾಟಿ ಹೋದಳು. ಕುರ್ಚಿಗಳ ಬೆನ್ನು ಹಿಡಿದು ಹಿಡಿದು ಮುಂದೆ ತಲುಪಿ, ಪಾಸ್ಟರ್ ಕಡೆ ಕೈ ಚಾಚಿದಳು. ಅವರು ಮೈಕ್ ಕೊಟ್ಟರು. ಕೊಡದೆ ಇರಬಹುದಿತ್ತು. ಕೊಟ್ಟರು.

"ಮೂರು ವರ್ಷದ ಹಿಂದೆ ಇಲ್ಲೇ ನಿಂತು ನಮ್ಮನೆಯವರು ನಾನು ಗುಣವಾದೆ ಅಂದ್ರು. ಅವತ್ತು ಅದು ಸುಳ್ಳಲ್ಲ. ಈಗ ವಾಪಸ್ ಬಂದಿದೆ. ಡಾಕ್ಟ್ರು ಇನ್ನೇನೂ ಮಾಡೋಕಾಗಲ್ಲ ಅಂದಿದ್ದಾರೆ. ಎರಡು ತಿಂಗಳಿಂದ ನಿಮ್ಮ ಹತ್ರ ಮುಚ್ಚಿಟ್ಟಿದ್ದೆ, ಅದು ನಂದೇ ತಪ್ಪು. ನಂಗೆ ಭಯ ಆಗತ್ತೆ. ದೇವರ ಮೇಲೆ ಸಿಟ್ಟೂ ಬರತ್ತೆ. ಬೆಳಗ್ಗೆ ಎದ್ದು ಚೆನ್ನಾಗಿ ಜಗಳ ಆಡ್ತೀನಿ. ಆಡಿ ಸುಸ್ತಾದ್ಮೇಲೆ ಆತನ ಹತ್ರಾನೇ ಕೂತ್ಕೋತೀನಿ. ಎದ್ದು ಹೋಗೋಣ ಅನ್ಸಲ್ಲ. ಇದು ಜಯಾನೋ ಅಲ್ವೋ ಪಾಸ್ಟರ್ ಹೇಳ್ಲಿ. ನನ್ನ ಹತ್ರ ಇರೋ ಸಾಕ್ಷಿ ಇಷ್ಟೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ತೋತ್ರ ಅನ್ನಲಿಲ್ಲ. ಪಾಸ್ಟರ್ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು.

ಮೂರನೇ ಸಾಲಿನಲ್ಲಿ ಟೀಚರಮ್ಮ ಎದ್ದರು. ಬ್ಯಾಗ್ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಏಪ್ರಿಲ್ 2

ಟೀಚರಮ್ಮ ಬಂದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಶುರುಮಾಡಿದರು.

"ಎರಡು ತಿಂಗಳಿಂದ ಗೊತ್ತಿತ್ತು ನಿಮ್ಗೆ. ದಿನಾ ನಿಮ್ಮ ದನಿ ಕೇಳಿಸ್ತಿದ್ದೆ ಅವರಿಗೆ! ಈಗ ನಾನು ಏನಂತ ಮುಖ ತೋರಿಸ್ಲಿ?"

ನಾನು ತಲೆ ತಗ್ಗಿಸಿ ನಿಂತೆ.

ಒಳಗಿಂದ ಇವಳು, "ಟೀಚರಮ್ಮಾ, ಬೈಯೋದಿದ್ರೆ ನನ್ನ ಬೈಯಿರಿ. ಹೇಳ್ಬೇಡಿ ಅಂದಿದ್ದು ನಾನು. ಒಳಗೆ ಬನ್ನಿ, ಅಲ್ಲಿಂದ ಬೈದ್ರೆ ನಂಗೆ ಸರಿಯಾಗಿ ಕೇಳ್ಸಲ್ಲ."

ಒಳಗೆ ಹೋದರು. ಇವಳನ್ನು ನೋಡಿದರು. ಹಾಸಿಗೆಯಲ್ಲಿ ಹೊರಳಿ ಹೊರಳಿ ಇವಳ ಕೂದಲು ಗಂಟುಗಂಟಾಗಿದೆ, ನನ್ನಿಂದ ಬಿಡಿಸಲಾಗಿಲ್ಲ. ಟೀಚರಮ್ಮ ಬ್ಯಾಗ್ ಕೆಳಗಿಟ್ಟು, ಕ್ಲಾಸಿನಲ್ಲಿ ಕೇಳುವ ದನಿಯಲ್ಲಿ, "ಬಾಚಣಿಗೆ ಎಲ್ಲಿ?" ಅಂದರು.

ಒಂದೂವರೆ ಗಂಟೆ ಬಾಚಿದರು. ಹೋಗುವಾಗ ಹೇಳಿ ಹೋಗಲಿಲ್ಲ.

ಏಪ್ರಿಲ್ 9

ಮಾತ್ರೆ ಏಳು. ನುಂಗಿದ್ದು ಎರಡು. ಕಾಲು ಊದಿದೆ. ರಜೆ ಹಾಕಿದ್ದೇನೆ.

ಏಪ್ರಿಲ್ 15

ಹಾಲು ಎರಡು ಚಮಚ. ನೀರು ಮೂರು.

ಏಪ್ರಿಲ್ 16

ನೀರು ಒಂದು.

ಜೂನ್ 8, ಭಾನುವಾರ

ಪುಸ್ತಕ ಕಪಾಟಿನಲ್ಲಿ ಸಿಕ್ಕಿತು. ಎಸೆಯೋಣ ಅಂತ ತೆಗೆದೆ. ಎಸೆಯಲಿಲ್ಲ.

ಬಟ್ಟೆಗಳನ್ನು ಇವಳ ಅಕ್ಕ ತೆಗೆದುಕೊಂಡು ಹೋದರು. ಮಂಚದ ಜಾಗ ಬದಲಾಯಿಸಿದೆ. ಆಮೇಲೆ ಮತ್ತೆ ಮೊದಲಿದ್ದಲ್ಲಿಗೇ ಎಳೆದೆ.

ಚರ್ಚಿಗೆ ಹೋಗುತ್ತಿಲ್ಲ. ಮಣ್ಣು ಮಾಡಿ ಬಂದ ದಿನದಿಂದ. ಪಾಸ್ಟರ್ ಪ್ರತಿ ಬುಧವಾರ ಸಂಜೆ ಬರುತ್ತಾರೆ. ಬೋಧನೆ ಇಲ್ಲ, ಸಮಾಧಾನ ಇಲ್ಲ. ಒಂದು ಲೋಟ ನೀರು ಕುಡಿದು, ಅರ್ಧ ಗಂಟೆ ಕೂತು, ಬರ್ತೀನಿ ಅಣ್ಣಾ ಅಂದು ಹೋಗುತ್ತಾರೆ. ಮೊದಮೊದಲು ಯಾಕಾದರೂ ಬರುತ್ತಾರೋ ಅನಿಸುತ್ತಿತ್ತು. ಹೋದ ಬುಧವಾರ ಬರುವುದು ಕಾಲು ಗಂಟೆ ತಡವಾಯಿತು. ನಾಲ್ಕು ಸಲ ಬಾಗಿಲಿಗೆ ಹೋಗಿ ನೋಡಿದೆ.

ಜೂನ್ 21, ಶನಿವಾರ

ಟೀಚರಮ್ಮನ ಫೋನ್. "ಇವರು ನಿಮ್ಮನ್ನ ನೋಡ್ಬೇಕಂತಿದ್ದಾರೆ. ಜಾಸ್ತಿ ದಿನ ಇಲ್ಲ."

ಡ್ಯೂಟಿ ಇದೆ ಅಂದೆ. ಶನಿವಾರ ಮಧ್ಯಾಹ್ನ ನಮಗೆ ಡ್ಯೂಟಿ ಇರುವುದಿಲ್ಲ ಅಂತ ಅವರಿಗೂ ಗೊತ್ತು.

ಜೂನ್ 28, ಸಂಜೆ 6

ಹೋಗಿದ್ದೆ. ಈಗ ತಾನೇ ಬಂದೆ.

ಮಹಡಿ ಮೇಲಿನ ಎರಡು ಕೋಣೆಯ ಮನೆ. ಕಿಟಕಿಯಿಂದ ರೈಲ್ವೆ ಹಳಿ ಕಾಣುತ್ತದೆ. ಗಾರ್ಡ್ ಸಾಹೇಬರು ಮಂಚದ ಮೇಲೆ ಮೂರು ದಿಂಬಿಗೆ ಒರಗಿದ್ದರು. ಮೈಯಲ್ಲಿ ಏನೂ ಉಳಿದಿಲ್ಲ. ದನಿ ಮಾತ್ರ ಇನ್ನೂ ಗಾರ್ಡಿನದೇ. ಟೀಚರಮ್ಮನನ್ನು ಟೀ ಮಾಡಲು ಕಳಿಸಿದರು. "ಬಾಗಿಲು ಮುಂದಕ್ಕೆ ಮಾಡಿ. ಇವಳ ಮುಂದೆ ಕೇಳೋಕಾಗಲ್ಲ."

ಕೇಳಿದರು. "ನಿಮ್ಮ ಮನೆಯವರಿಗೆ ಕೊನೇಲಿ ಭಯ ಇತ್ತಾ?"

ಸುಳ್ಳು ಹೇಳಬಹುದಿತ್ತು. ಆ ಮಂಚ ನೋಡಿದರೆ ಸುಳ್ಳೇ ಸರಿ ಅನಿಸಿತು. ಆದರೆ ಈ ಮನುಷ್ಯನಿಗೆ ಒಂದು ವರ್ಷ ದಿನಾ ಎರಡು ಹೊತ್ತು ನನ್ನ ಮಾತು ಕುಡಿಸಿದ್ದಾರೆ.

"ಇತ್ತು ಸರ್."

ಕಣ್ಣು ಮುಚ್ಚಿದರು. "ಮತ್ತೆ?"

ಹೇಳಿದೆ. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಇಲ್ಲಿಯೂ ಬರೆದಿರಲಿಲ್ಲ. ಏಪ್ರಿಲ್ ಹದಿನೇಳು, ಬೆಳಗ್ಗೆ ಹತ್ತು ಗಂಟೆ. ನನ್ನ ಅಂಗಿಯ ತೋಳು ಹಿಡಿದುಕೊಂಡು "ರೀ, ಪ್ರಾರ್ಥನೆ ಮಾಡಿ, ಭಯ ಆಗ್ತಿದೆ" ಅಂದಳು. ನನಗೆ ಬರಲಿಲ್ಲ. "ಬರ್ತಿಲ್ಲ ಕಣೇ, ಎರಡು ತಿಂಗಳಾಯ್ತು, ನಂಗೆ ಬರ್ತಾನೇ ಇಲ್ಲ" ಅಂತ ಅತ್ತುಬಿಟ್ಟೆ. ಸಾಯುತ್ತಿರುವವಳ ಎದುರು ಕೂತು ನಾನು ಅತ್ತೆ. ಅವಳು ನನ್ನ ಕಡೆ ನೋಡಿದಳು. "ಸರಿ, ನಾನೇ ಮಾಡ್ತೀನಿ. ನೀವು ಆಮೆನ್ ಅನ್ನಿ, ಸಾಕು" ಅಂದಳು.

ಮಾಡಿದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು. ಅಪ್ಪಾ, ಇವರಿಗೆ ಒಬ್ಬರೇ ಇರೋಕೆ ಬರಲ್ಲ, ನೀನು ನೋಡ್ಕೋ ಅಂದಳು. ಗಾರ್ಡ್ ಸಾಹೇಬ್ರ ನೋವು ಕಮ್ಮಿ ಮಾಡು ಅಂದಳು. ಟೀಚರಮ್ಮನ ಸಿಟ್ಟು ಹಾಗೇ ಇರ್ಲಿ, ಅದೇ ಅವರನ್ನ ನಿಲ್ಲಿಸತ್ತೆ ಅಂದಳು. ತನಗೆ ಅಂತ ಏನೂ ಕೇಳಲಿಲ್ಲ. "ಕರ್ತಾ, ನಾನು..." ಅಂದಳು. ಅಷ್ಟೇ. ಮುಂದಿನ ಮಾತು ಬರಲಿಲ್ಲ. ತೋಳು ಹಿಡಿದ ಬೆರಳು ಸಡಿಲವಾದವು.

ಕೆಳಗೆ ಒಂದು ಗೂಡ್ಸ್ ಗಾಡಿ ದಾಟಿತು. ಅದು ಪೂರ್ತಿ ಹೋಗುವವರೆಗೆ ಗಾರ್ಡ್ ಸಾಹೇಬರು ಕಾದರು.

"ನನ್ನ ಹೆಸರೂ ಹೇಳಿದ್ರಾ?"

"ಹೇಳಿದ್ಲು ಸರ್."

"ಅಂಥಾ ಹೊತ್ತಲ್ಲಿ." ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಆಮೇಲೆ, "ನೀವು ಆಮೆನ್ ಅಂದ್ರಾ?"

"ಇಲ್ಲ ಸರ್. ಬಾಯಿ ಬರ್ಲಿಲ್ಲ."

"ಹಾಗಾದ್ರೆ ಆ ಪ್ರಾರ್ಥನೆ ಇನ್ನೂ ಮುಗಿದಿಲ್ಲ." ಕಣ್ಣು ತೆರೆದು ನನ್ನನ್ನೇ ನೋಡಿದರು. "ನಂದೂ ಅದ್ರಲ್ಲಿದೆ. ಅನ್ನಿ ಮಾರಾಯ್ರೇ."

ಎದ್ದು ಬಂದುಬಿಡೋಣ ಅನಿಸಿತು. ನಾನು ಎದ್ದು ಹೋಗದ ಹಾಗೆ ಅವರು ನನ್ನ ಅಂಗಿ ಹಿಡಿದಿರಲಿಲ್ಲ, ಬೈಯಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಅವರಿಗೆ ಕಾಯಲು ಎಷ್ಟು ಹೊತ್ತು ಉಳಿದಿದೆ ಅಂತ ಇಬ್ಬರಿಗೂ ಗೊತ್ತಿತ್ತು.

ಅಂದೆ. ಎಷ್ಟು ಜೋರಾಗಿ ಅಂದೆನೋ, ಟೀಚರಮ್ಮ ಟೀ ಬಿಟ್ಟು ಓಡಿ ಬಂದರು — "ಏನಾಯ್ತು, ಏನಾಯ್ತು?"

ಏನೂ ಆಗಿಲ್ಲ ಅಂದೆ. ನಿಜ. ಏನೂ ಆಗಿಲ್ಲ. ಗಾರ್ಡ್ ಸಾಹೇಬರು ಏಳುವುದಿಲ್ಲ. ಇವಳು ಬರುವುದಿಲ್ಲ. ಮನೆಗೆ ಬಂದರೆ ಅದೇ ಮಂಚ. ಆದರೆ ಇವಳು ಅರ್ಧಕ್ಕೆ ಬಿಟ್ಟ ಪ್ರಾರ್ಥನೆಗೆ ಇವತ್ತು ನಾನು ಆಮೆನ್ ಅಂದಿದ್ದೇನೆ.